ಆಲೋಚನೆಯ ಮೆದುಳುನೆಲೆಯೂ ಪರೀಕ್ಷೆಯ ಕನ್ನಡವೂ: ತಂಬೂರಿನ ಆಡುನುಡಿಯ ಕಡೆಯಿಂದ ಒಂದು ವಿಮರ್ಶೆ

ಯೋಚಿಸಲು ಭಾಷೆ ಅನಿವಾರ್ಯವಲ್ಲ ಎಂಬ ವಾದವು ಇಂದಿನ ಮೆದುಳು ವಿಜ್ಞಾನದಲ್ಲಿ ಬಲವಾಗಿ ನೆಲೆಯೂರುತ್ತಿದೆ. 2024ರಲ್ಲಿ ಎವೆಲಿನಾ ಫೆಡೊರೆಂಕೊ, ಸ್ಟೀವನ್ ಪಿಯಾಂಟಡೋಸಿ ಹಾಗೂ ಎಡ್ವರ್ಡ್ ಗಿಬ್ಸನ್ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ ಲೇಖನವು ಈ ವಾದದ ಅತ್ಯಂತ ನೇರವಾದ ನಿರೂಪಣೆ. ಅವರ ಪ್ರಕಾರ ಭಾಷೆಯು ಮುಖ್ಯವಾಗಿ ಸಂವಹನದ ಸಾಧನ, ಆಲೋಚನೆಯ ಸಾಧನವಲ್ಲ. ಇದಕ್ಕೆ ಅವರು ಒದಗಿಸುವ ಆಧಾರಗಳು ಎರಡು. ಮೊದಲನೆಯದು, ಲೆಕ್ಕ ಮಾಡುವಾಗ, ತರ್ಕದ ಸಮಸ್ಯೆ ಬಿಡಿಸುವಾಗ, ಇನ್ನೊಬ್ಬರ ಮನಸ್ಸನ್ನು ಊಹಿಸುವಾಗ ಮೆದುಳಿನ ಭಾಷಾಜಾಲವು ಹೆಚ್ಚುಕಡಿಮೆ ಸುಮ್ಮನಿರುತ್ತದೆ ಎಂಬ ಎಫ್‌ಎಂಆರ್‌ಐ ಚಿತ್ರಗಳು. ಎರಡನೆಯದು, ಪಾರ್ಶ್ವವಾಯುವಿನಿಂದ ಮಾತನ್ನು ಬಹುತೇಕ ಕಳೆದುಕೊಂಡ ಅಫೇಸಿಯಾ ರೋಗಿಗಳು ಈ ಕೆಲಸಗಳನ್ನೆಲ್ಲ ಮಾಡಬಲ್ಲರು ಎಂಬ ವೈದ್ಯಕೀಯ ಅನುಭವ. ಈ ತೀರ್ಮಾನದೊಡನೆ ನಮಗೆ ದೊಡ್ಡ ಜಗಳವಿಲ್ಲ. ಮಾತು ನಿಂತ ಮೇಲೂ ಹೊಲದ ಬದುವಿನ ವ್ಯಾಜ್ಯವನ್ನು ಕೈಸನ್ನೆಯಲ್ಲೇ ತೀರ್ಮಾನಿಸುವ ಹಿರಿಯರನ್ನು ಕಂಡ ಯಾರಿಗೂ ಅದು ಆಶ್ಚರ್ಯದ ಮಾತಲ್ಲ. ನಮ್ಮ ತಕರಾರು ಇರುವುದು ಆ ತೀರ್ಮಾನವನ್ನು ತಲುಪಿದ ಹಾದಿಯ ಬಗ್ಗೆ, ಮತ್ತು ಅದೇ ಹಾದಿಯ ಸಲಕರಣೆಗಳು ಕನ್ನಡದ ಹಳ್ಳಿಯೊಂದಕ್ಕೆ ಬಂದಾಗ ಏನಾಗುತ್ತದೆ ಎಂಬುದರ ಬಗ್ಗೆ.

ಇಲ್ಲಿ ಹಳ್ಳಿಯೆಂದರೆ ಕಲಘಟಗಿ ತಾಲ್ಲೂಕಿನ ತಂಬೂರ. ಧಾರವಾಡ ಜಿಲ್ಲೆಯ ಬಯಲು ಮುಗಿದು ಮಲೆನಾಡಿನ ಸೆರಗು ಆರಂಭವಾಗುವ ಪ್ರದೇಶ. ಚಾಲುಕ್ಯರ ಕಾಲದ ಬಸವಣ್ಣನ ಗುಡಿಯಿಂದ ಹೆಸರಾದ ಊರು. ನಮಗೆ ಗುಡಿಗಿಂತ ಮುಖ್ಯವಾದದ್ದು ಅಲ್ಲಿಯ ಮಾತು. ಈ ತಾಲ್ಲೂಕಿನಲ್ಲಿ ಕನ್ನಡದ ಜೊತೆಗೆ ಉರ್ದು, ತಾಂಡಾಗಳ ಲಂಬಾಣಿ, ಗೌಳಿಗರ ಮರಾಠಿ ದಿನವೂ ಕಿವಿಗೆ ಬೀಳುತ್ತವೆ. ಕನ್ನಡವೆಂದರೂ ಅದು ಪಠ್ಯಪುಸ್ತಕದ ಕನ್ನಡವಲ್ಲ. ಇಂಥ ಊರಿನ ಎಪ್ಪತ್ತು ದಾಟಿದ, ಶಾಲೆ ಕಾಣದ ವ್ಯಕ್ತಿಯೊಬ್ಬರಿಗೆ ‘ಲಕ್ವಾ ಹೊಡೆದಾಗ’ ಅಥವಾ ಮರೆವು ಮಿತಿಮೀರಿದಾಗ ಅವರು ಹುಬ್ಬಳ್ಳಿಗೋ ಧಾರವಾಡಕ್ಕೋ ಹೋಗುತ್ತಾರೆ. ಅಲ್ಲಿ ಅವರ ಮೆದುಳಿನ ಸ್ಥಿತಿಯನ್ನು ತಿಳಿಯಲು ಮೊದಲು ಬಳಸುವ ಸಲಕರಣೆ ಯಂತ್ರವಲ್ಲ, ಪ್ರಶ್ನೆ. ಆ ಪ್ರಶ್ನೆಯ ಕನ್ನಡ ಯಾವುದು ಎಂಬುದನ್ನು ಮೆದುಳು ವಿಜ್ಞಾನ ಕೇಳುವುದು ಅಪರೂಪ. ಭಾಷಾವಿಜ್ಞಾನವೂ ಈ ವಿಷಯದಲ್ಲಿ ಹೆಚ್ಚು ಮಾತನಾಡಿಲ್ಲ.

ಮೆದುಳಿನಲ್ಲಿ ಆಲೋಚನೆಯನ್ನು ಹುಡುಕುವ ಕೆಲಸಕ್ಕೆ ಒಂದೂವರೆ ಶತಮಾನಕ್ಕೂ ಮೀರಿದ ಇತಿಹಾಸವಿದೆ. 1861ರಲ್ಲಿ ಪಾಲ್ ಬ್ರೊಕಾ, 1874ರಲ್ಲಿ ಕಾರ್ಲ್ ವೆರ್ನಿಕೆ ಗಾಯಗೊಂಡ ಮೆದುಳಿನಿಂದ ಆರೋಗ್ಯವಂತ ಮೆದುಳನ್ನು ಊಹಿಸಿದರು. 1929ರಲ್ಲಿ ಹಾನ್ಸ್ ಬೆರ್ಗರ್ ನೆತ್ತಿಯ ಮೇಲಿಂದಲೇ ಮೆದುಳಿನ ವಿದ್ಯುತ್ತನ್ನು ದಾಖಲಿಸಿದ ವರದಿಯನ್ನು ಪ್ರಕಟಿಸಿದರು. 1990ರ ಸುಮಾರಿಗೆ ಸೆಯ್‌ಜಿ ಒಗಾವಾ ಮತ್ತು ಸಂಗಡಿಗರು ರಕ್ತದ ಆಮ್ಲಜನಕದ ಏರಿಳಿತವನ್ನು ಕಾಂತಕ್ಷೇತ್ರದ ಮೂಲಕ ಅಳೆಯುವ ದಾರಿಯನ್ನು ತೋರಿಸಿದ ಮೇಲೆ ಎಫ್‌ಎಂಆರ್‌ಐ ಬೆಳೆಯಿತು. ಸಲಕರಣೆಗಳು ಬದಲಾದರೂ ಒಂದು ಸಂಗತಿ ಬದಲಾಗಲಿಲ್ಲ. ವ್ಯಕ್ತಿಗೆ ಏನನ್ನೋ ಹೇಳಬೇಕು, ಆತ ಏನನ್ನೋ ಮಾಡಬೇಕು. ಆಗ ಮೆದುಳಿನಲ್ಲಾಗುವ ವ್ಯತ್ಯಾಸವನ್ನು ಇನ್ನೊಂದು ಸ್ಥಿತಿಯ ಜೊತೆ ಹೋಲಿಸಿ ಕಳೆಯಬೇಕು. ಈ ‘ಕಳೆಯುವ’ ತರ್ಕ 1868ರಲ್ಲಿ ಡಚ್ ಶರೀರವಿಜ್ಞಾನಿ ಡಾಂಡರ್ಸ್ ಮಂಡಿಸಿದ್ದು. ಅವನು ಅಳೆದದ್ದು ಪ್ರತಿಕ್ರಿಯೆಯ ಕಾಲವನ್ನು, ಇಂದು ಅಳೆಯುವುದು ರಕ್ತದ ಹರಿವನ್ನು. ಹೆಚ್ಚು ಕಷ್ಟದ ಕೆಲಸದಿಂದ ಕಡಿಮೆ ಕಷ್ಟದ ಕೆಲಸವನ್ನು ಕಳೆದರೆ ಉಳಿಯುವುದೇ ಆ ಹೆಚ್ಚಿನ ಕ್ರಿಯೆ ಎಂಬ ನಂಬಿಕೆ ಮಾತ್ರ ಒಂದೇ. ಕಳೆಯುವ ಎರಡೂ ಸ್ಥಿತಿಗಳು ಕೇಳುಗನಿಗೆ ನಾವು ಎಣಿಸಿದಂತೆಯೇ ಇವೆಯೇ ಎಂಬುದರ ಮೇಲೆ ಇಡೀ ಲೆಕ್ಕ ನಿಂತಿದೆ.

ಈ ದೃಷ್ಟಿಯಿಂದ 2022ರಲ್ಲಿ ಸೈಮಾ ಮಲಿಕ್-ಮೊರಲೇಡಾ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನವನ್ನು ಮೆಚ್ಚಲೇಬೇಕು. ದ್ರಾವಿಡವೂ ಸೇರಿದಂತೆ 12 ಕುಟುಂಬಗಳ 45 ಭಾಷೆಗಳನ್ನು ಅದು ಒಳಗೊಂಡಿತ್ತು. ಪ್ರಶ್ನೆ-ಉತ್ತರದ ಹಂಗಿಲ್ಲದೆ, ‘ಆಲಿಸ್ ಇನ್ ವಂಡರ್‌ಲ್ಯಾಂಡ್’ ಕತೆಯ ಭಾಗಗಳನ್ನು ಅವರವರ ಭಾಷೆಯಲ್ಲಿ ಕೇಳಿಸಿ, ಅರ್ಥವಾಗದಂತೆ ಕೆಡಿಸಿದ ಧ್ವನಿಯೊಡನೆ ಹೋಲಿಸಲಾಯಿತು. ಎಲ್ಲ ಭಾಷೆಗಳಲ್ಲಿಯೂ ಎಡ ಅರ್ಧಗೋಳದ ಅದೇ ಜಾಲ ಎಚ್ಚರಗೊಂಡಿತು. ಇಂಗ್ಲಿಷನ್ನೇ ಮನುಷ್ಯಭಾಷೆಯೆಂದು ತಿಳಿದಿದ್ದ ಒಂದು ವಿಜ್ಞಾನಶಾಖೆಗೆ ಇದು ಆರೋಗ್ಯಕರವಾದ ತಿರುವು. ಆದರೆ ಭಾಗವಹಿಸಿದವರು ಒಟ್ಟು 86 ಮಂದಿ. ಒಂದು ಭಾಷೆಗೆ ಹೆಚ್ಚೆಂದರೆ ಇಬ್ಬರು. ಅವರು ಇಂಗ್ಲಿಷನ್ನೂ ಚೆನ್ನಾಗಿ ಬಲ್ಲವರು. ಭಾಷೆಗಳ ನಡುವಿನ ವ್ಯತ್ಯಾಸವನ್ನು ಪರೀಕ್ಷಿಸಿದ ಈ ಅಧ್ಯಯನದಲ್ಲಿ ಒಂದೇ ಭಾಷೆಯ ಒಳಗಿನ ವ್ಯತ್ಯಾಸಕ್ಕೆ ಜಾಗವೇ ಇರಲಿಲ್ಲ. ಜಾಲ ಎಲ್ಲಿದೆ ಎಂಬ ಪ್ರಶ್ನೆಗೆ ಇಬ್ಬರು ಸಾಕಾಗಬಹುದು. ಜಾಲ ಏನನ್ನು ‘ನನ್ನ ಭಾಷೆ’ ಎಂದು ಗುರುತಿಸುತ್ತದೆ ಎಂಬ ಪ್ರಶ್ನೆಗೆ ಸಾಲದು. 1950ರಿಂದ ಧಾರವಾಡ ಆಕಾಶವಾಣಿಯ ವಾರ್ತೆಯನ್ನು ಕೇಳುತ್ತ ಬಂದಿರುವ, ಆದರೆ ಆ ಕನ್ನಡದಲ್ಲಿ ಒಂದು ವಾಕ್ಯವನ್ನೂ ಆಡದ ತಂಬೂರಿನ ಹಿರಿಯರಿಗೆ ಶಿಷ್ಟ ಕನ್ನಡದ ಓದು ತಾಯಿನುಡಿಯೋ, ಎರಡನೆಯ ನುಡಿಯೋ? ಇದಕ್ಕೆ ಉತ್ತರ ಹುಡುಕಲು ಎಫ್‌ಎಂಆರ್‌ಐ ಸಮರ್ಥವಾದ ಸಲಕರಣೆಯೇ. ಪ್ರಶ್ನೆಯನ್ನು ಅದರ ಮುಂದಿಡಬೇಕಾದವರು ಭಾಷಾವಿಜ್ಞಾನಿಗಳು.

ಅಫೇಸಿಯಾದ ಆಧಾರಕ್ಕೆ ಬಂದರೆ ವಿಷಯ ಇನ್ನಷ್ಟು ಗಂಭೀರ. ರೋಸ್‌ಮೇರಿ ವಾರ್ಲಿ ಮತ್ತು ಸಂಗಡಿಗರು 2005ರಲ್ಲಿ ವರದಿ ಮಾಡಿದ ಮೂವರು ರೋಗಿಗಳು ಈ ಚರ್ಚೆಯಲ್ಲಿ ಪದೇಪದೇ ಉಲ್ಲೇಖಗೊಳ್ಳುತ್ತಾರೆ. ವ್ಯಾಕರಣಶಕ್ತಿ ತೀವ್ರವಾಗಿ ಕುಂದಿದ್ದ ಅವರು ಅದಲುಬದಲಾದರೆ ಅರ್ಥ ಬದಲಾಗುವ ವಾಕ್ಯಗಳಲ್ಲಿ ಕೊಂದವರು ಯಾರು, ಸತ್ತವರು ಯಾರು ಎಂದು ಗುರುತಿಸಲಾರದೆ ಹೋದರು. ಆದರೆ 52ರಿಂದ 11 ಕಳೆಯುವುದಕ್ಕೂ 11ರಿಂದ 52 ಕಳೆಯುವುದಕ್ಕೂ ಇರುವ ವ್ಯತ್ಯಾಸ ಅವರಿಗೆ ಸ್ಪಷ್ಟವಾಗಿತ್ತು. ವಾಕ್ಯರಚನೆ ಬೇರೆ, ಗಣಿತದ ರಚನೆ ಬೇರೆ ಎಂದು ಇದರಿಂದ ತಿಳಿಯಲಾಯಿತು. ಈ ಪ್ರಯೋಗವನ್ನು ಕನ್ನಡದಲ್ಲಿ ಮಾಡಹೊರಟರೆ ಮೊದಲ ಹೆಜ್ಜೆಯಲ್ಲೇ ತೊಡಕು ಎದುರಾಗುತ್ತದೆ.

(1) ಹುಲಿಯು ಬೇಟೆಗಾರನನ್ನು ಕೊಂದಿತು.
(2) ಹುಲಿಯನ್ನು ಬೇಟೆಗಾರನು ಕೊಂದನು.

ಇಂಗ್ಲಿಷಿನಲ್ಲಿ ಪದಗಳ ಸರದಿಯೊಂದೇ ಇಲ್ಲಿನ ಸುಳಿವು. ಕನ್ನಡದಲ್ಲಿ ಸರದಿ ಎರಡೂ ಕಡೆ ಒಂದೇ. ಸುಳಿವು ಇರುವುದು ವಿಭಕ್ತಿಯಲ್ಲಿ, ಜೊತೆಗೆ ಕ್ರಿಯಾಪದದ ಕೊನೆಯಲ್ಲಿ. ವಿಭಕ್ತಿಯನ್ನು ಪೂರ್ತಿ ಕೈಬಿಟ್ಟ ಕೇಳುಗನೂ ‘ಕೊಂದಿತು’, ‘ಕೊಂದನು’ ಎಂಬ ಲಿಂಗಸೂಚಕದಿಂದ ಸರಿಯುತ್ತರಕ್ಕೆ ತಲುಪಬಲ್ಲ. ಹಾಗಾಗಿ ಇಂಗ್ಲಿಷಿನಲ್ಲಿ ಸೋತ ರೋಗಿಗೆ ಸಮನಾದ ಕನ್ನಡ ರೋಗಿ ಇಲ್ಲಿ ಗೆಲ್ಲಬಹುದು. ಗೆದ್ದದ್ದು ವ್ಯಾಕರಣ ಉಳಿದಿದೆ ಎಂಬ ಕಾರಣಕ್ಕೋ, ಒಂದು ಪ್ರತ್ಯಯ ಉಳಿದಿದೆ ಎಂಬ ಕಾರಣಕ್ಕೋ ತಿಳಿಯದು. ತೊಡಕನ್ನು ತಪ್ಪಿಸಲು ಎರಡೂ ನಾಮಪದಗಳನ್ನು ಪುಲ್ಲಿಂಗದಲ್ಲಿಡಬೇಕು. ಆಗ ತಂಬೂರಿನ ಕನ್ನಡ ಬೇರೆಯೇ ಸಮಸ್ಯೆಯನ್ನು ಒಡ್ಡುತ್ತದೆ.

(3) ಹುಡುಗನು ಮುದುಕನನ್ನು ಹೊಡೆದನು. (ಶಿಷ್ಟ)
(4) ಹುಡುಗ ಮುದುಕನ್ನ ಹೊಡದ. (ತಂಬೂರ)
(5) ಹುಡುಗ ಮುದುಕಗ ಹೊಡದ. (ತಂಬೂರ)

(4)ರಲ್ಲಿ ದ್ವಿತೀಯಾ ವಿಭಕ್ತಿಯ ‘ಮುದುಕನ್ನ’ ಎಂಬುದಕ್ಕೂ ಷಷ್ಠಿಯ ‘ಮುದುಕನ’ ಎಂಬುದಕ್ಕೂ ಇರುವ ಅಂತರ ನಕಾರದ ಒತ್ತಿನಷ್ಟೇ. ಕಿವಿ ಮಂದವಾದ ಹಿರಿಯರಿಗೆ, ಗದ್ದಲದ ಹೊರರೋಗಿ ವಿಭಾಗದಲ್ಲಿ ಆ ಒತ್ತು ಕೇಳಿಸದಿದ್ದರೆ ಅದು ಮೆದುಳಿನ ಸೋಲಲ್ಲ. (5)ರಲ್ಲಿ ಪ್ರಾಣಿವಾಚಕ ಕರ್ಮಪದ ಚತುರ್ಥಿಯಲ್ಲಿ ಬಂದಿದೆ. ‘ಅವಗ ಕರಿ’, ‘ಆಕಿಗೆ ಕರಿ’ ಎನ್ನುವಷ್ಟು ಇದು ನಮ್ಮ ಭಾಗದಲ್ಲಿ ಸಹಜ. ಶಿಷ್ಟ ಕನ್ನಡವನ್ನು ಅಳತೆಗೋಲಾಗಿಟ್ಟುಕೊಂಡ ಪರೀಕ್ಷಕನ ಹಾಳೆಯಲ್ಲಿ ಮಾತ್ರ ‘ದ್ವಿತೀಯೆಯ ಬದಲು ಚತುರ್ಥಿ’ ಎಂಬ ದೋಷ ದಾಖಲಾಗುತ್ತದೆ. ಅಫೇಸಿಯಾದ ಬರಹಗಳಲ್ಲಿ ವಿಭಕ್ತಿಯ ಅದಲುಬದಲು ಒಂದು ಲಕ್ಷಣವಾಗಿ ಎಣಿಸಲ್ಪಡುವುದರಿಂದ ಈ ದಾಖಲೆ ನಿರುಪದ್ರವಿಯಲ್ಲ.

ಕಾಲವಾಚಕಗಳಲ್ಲಿ ಇದಕ್ಕಿಂತ ಸೂಕ್ಷ್ಮವಾದ ಅಪಾಯವಿದೆ. ಶಿಷ್ಟ ಕನ್ನಡದಲ್ಲಿ ‘ಬಂದಾನು’ ಎಂದರೆ ಬರುವ ಸಾಧ್ಯತೆ, ಇನ್ನೂ ಬಂದಿಲ್ಲ. ತಂಬೂರಿನ ‘ಬಂದಾನ’ ಎಂದರೆ ‘ಬಂದಿದ್ದಾನೆ’; ಬಂದು ಕೂತಿದ್ದಾನೆ. ಕೊನೆಯ ಒಂದು ಸ್ವರದ ಹೊರತು ಎರಡೂ ಒಂದೇ ರೂಪ; ಅರ್ಥ ಮಾತ್ರ ಆಗಿಹೋದದ್ದರಿಂದ ಆಗಬಹುದಾದದ್ದಕ್ಕೆ ಜಿಗಿಯುತ್ತದೆ. ಚಿತ್ರವೊಂದನ್ನು ತೋರಿಸಿ ‘ಏನಾಗಿದೆ?’ ಎಂದು ಕೇಳಿದಾಗ ‘ಅವ ಬಂದಾನ’ ಎಂದ ವೃದ್ಧರ ಮಾತನ್ನು ಮೈಸೂರು ಸೀಮೆಯ ಕಿವಿ ಹೇಗೆ ಕೇಳಿಸಿಕೊಳ್ಳುತ್ತದೆ? ಆಡುಮಾತಿನಲ್ಲಿ ಪದಾಂತ್ಯದ ಉಕಾರ ಮೊದಲೇ ಕ್ಷೀಣ. ಕಾಲಪ್ರಜ್ಞೆ ಕೆಟ್ಟಿದೆ ಎಂದು ಬರೆದುಕೊಳ್ಳುವ ಅವಕಾಶ ಇಲ್ಲಿ ನಿಜವಾಗಿಯೂ ಇದೆ, ಮತ್ತು ಮೆದುಳಿನ ಕಾಯಿಲೆಯ ಪರೀಕ್ಷೆಗಳಲ್ಲಿ ಕಾಲಪ್ರಜ್ಞೆಗೆ ಇರುವ ತೂಕ ಬಲ್ಲವರಿಗೆ ಇದರ ಬೆಲೆ ಗೊತ್ತು.

‘ಸಣ್ಣ ಪದಗಳು’ ಎಂಬ ಕಲ್ಪನೆಯನ್ನೂ ಇಲ್ಲಿ ನೋಡಬೇಕು. ಬ್ರೊಕಾ ಬಗೆಯ ಅಫೇಸಿಯಾದಲ್ಲಿ ಮಾತು ತಂತಿಯ ಭಾಷೆಯಂತಾಗುತ್ತದೆ, ಸಣ್ಣ ಪದಗಳು ಉದುರಿ ನಾಮ-ಕ್ರಿಯೆಗಳಷ್ಟೇ ಉಳಿಯುತ್ತವೆ ಎನ್ನುವ ವಿವರಣೆ ಇಂಗ್ಲಿಷಿಗೆ ಒಪ್ಪುತ್ತದೆ. 1975ರಲ್ಲಿ ಫೋಲ್‌ಸ್ಟೀನ್ ದಂಪತಿ ಮತ್ತು ಮೆಕ್‌ಹ್ಯೂ ರೂಪಿಸಿದ, 30 ಅಂಕಗಳ, ಜಗತ್ತಿನಾದ್ಯಂತ ಬಳಕೆಯಲ್ಲಿರುವ ಮನಃಸ್ಥಿತಿ ಪರೀಕ್ಷೆಯಲ್ಲಿ ಅಂಥ ಸಣ್ಣ ಪದಗಳನ್ನೇ ಪೋಣಿಸಿದ ಸಾಲೊಂದನ್ನು ಹೇಳಿಕೊಟ್ಟು ಮರುನುಡಿಸಲು ಕೇಳುತ್ತಾರೆ. ‘ಆದರೆ’ ಒಂದನ್ನು ಬಿಟ್ಟರೆ ಆ ಪದಗಳು ಕನ್ನಡದಲ್ಲಿ ಬಿಡಿ ಪದಗಳೇ ಅಲ್ಲ. ಇಂಗ್ಲಿಷಿನ ‘ಇಫ್’ ನಮ್ಮಲ್ಲಿ ‘ಬಂದರೆ’ ಎಂಬುದರ ಬಾಲ. ‘ಆ್ಯಂಡ್’ ಎಂಬುದು ‘ಅವನೂ ಇವನೂ’ ಎಂಬಲ್ಲಿಯ ದೀರ್ಘ ಊಕಾರ. ಉದುರಲು ಅವು ಬೇರೆಯಾಗಿ ನಿಂತಿಲ್ಲ. 1995ರಲ್ಲಿ ಮೇರಿ ಗಂಗೂಲಿ ಮತ್ತು ಸಂಗಡಿಗರು ಹರಿಯಾಣದ ಬಲ್ಲಭಗಢದ ಹಳ್ಳಿಗರಿಗಾಗಿ ಈ ಪರೀಕ್ಷೆಯ ಹಿಂದಿ ರೂಪವನ್ನು ಪ್ರಕಟಿಸಿದಾಗ ಅನುವಾದಿಸದೆ ಪುನರ್ರಚಿಸಿದರು. ಮರುನುಡಿಯಲು ‘ಇದೂ ಅಲ್ಲ, ಅದೂ ಅಲ್ಲ’ ಎಂಬರ್ಥದ ಸಹಜ ನುಡಿಯನ್ನಿಟ್ಟರು, ನೂರರಿಂದ ಏಳೇಳು ಕಳೆಯುವ ಬದಲು ವಾರದ ದಿನಗಳನ್ನು ಹಿಂದುಮುಂದಾಗಿ ಹೇಳಿಸಿದರು. ಓದುಬರಹ ಬಾರದವರ ಬುದ್ಧಿಯನ್ನು ಓದುಬರಹದಿಂದ ಅಳೆಯಬಾರದೆಂಬ ವಿವೇಕ ಅಲ್ಲಿತ್ತು. ಲಿಸ್ ಮೆನ್ ಮತ್ತು ಲೊರೇನ್ ಓಬ್ಲರ್ 1990ರಲ್ಲಿ ಸಂಪಾದಿಸಿದ, 14 ಭಾಷೆಗಳ ವ್ಯಾಕರಣನಷ್ಟದ ಮಾದರಿಗಳಿರುವ ಬೃಹತ್ ಸಂಪುಟದಲ್ಲಿ ಹಿಂದಿ ಇದೆ, ಒಂದೂ ದ್ರಾವಿಡ ಭಾಷೆ ಇಲ್ಲ. ಪ್ರತ್ಯಯವಿಲ್ಲದೆ ಕ್ರಿಯಾಪದ ನಿಲ್ಲಲಾರದ ಭಾಷೆಯಲ್ಲಿ ವ್ಯಾಕರಣ ಕುಸಿದಾಗ ಏನು ಕೇಳಿಸುತ್ತದೆ ಎಂಬ ಪ್ರಶ್ನೆಗೆ ಸಾಮಾನ್ಯ ಸಿದ್ಧಾಂತದಲ್ಲಿ ಕನ್ನಡದ ಸಾಕ್ಷ್ಯ ಎಷ್ಟು ಸೇರಿದೆ ಎಂಬುದಕ್ಕೆ ಇದೊಂದು ಗುರುತು. ನಮ್ಮಲ್ಲಿ ಸಾಕ್ಷ್ಯ ಇಲ್ಲವೆಂದಲ್ಲ: 1965ರಲ್ಲಿ ಮೈಸೂರಿನಲ್ಲಿ ಆರಂಭವಾದ ಅಖಿಲ ಭಾರತ ವಾಕ್‌ಶ್ರವಣ ಸಂಸ್ಥೆ ಮತ್ತು 1974ರಲ್ಲಿ ಈಗಿನ ರೂಪ ಪಡೆದ ಬೆಂಗಳೂರಿನ ನಿಮ್ಹಾನ್ಸ್ ಕನ್ನಡ ರೋಗಿಗಳ ನಡುವೆ ದಶಕಗಳಿಂದ ಕೆಲಸ ಮಾಡಿವೆ. ಪ್ರತಿಭಾ ಕಾರಂತರು ಧ್ವನಿ, ವಾಕ್ಯ, ಅರ್ಥ ಎಂಬ ಮೂರು ಮಟ್ಟಗಳಲ್ಲಿ ರೂಪಿಸಿದ ಕನ್ನಡ ಭಾಷಾ ಪರೀಕ್ಷೆ ಅನುವಾದದ ಕೂಸಲ್ಲ. ಕನ್ನಡದ ರಚನೆಯಿಂದಲೇ ಹುಟ್ಟಿದ್ದು.

ಕಾರಂತರ ಕೆಲಸದಲ್ಲಿ ನಮಗೆ ಹೆಚ್ಚು ಬೆಲೆಯುಳ್ಳದ್ದೆನಿಸುವುದು ಅಕ್ಷರಜ್ಞಾನದ ಬಗೆಗಿನ ಶೋಧ. ಒಂದು ವಾಕ್ಯ ‘ಸರಿಯೋ ತಪ್ಪೋ’ ಎಂದು ಹೇಳುವ ಸಾಮರ್ಥ್ಯವು ಓದು ಕಲಿಯುವುದರೊಂದಿಗೆ ಬೆಸೆದುಕೊಂಡಿದೆ ಎಂದು ಅವರೂ ಸಹೋದ್ಯೋಗಿಗಳೂ 1990ರ ದಶಕದಲ್ಲಿಯೇ ತೋರಿಸಿದರು. ವಾಕ್ಯದ ಶುದ್ಧಾಶುದ್ಧತೆಯ ತೀರ್ಮಾನವನ್ನು ಸಹಜ ಭಾಷಾಶಕ್ತಿಯ ಕನ್ನಡಿಯೆಂದು ನಂಬಿದ ಭಾಷಾವಿಜ್ಞಾನಕ್ಕೆ ಇದು ಕಿವಿಹಿಂಡುವ ಮಾತಾಗಬೇಕಿತ್ತು. ನಾವು ಅದನ್ನು ಓದಿ ಮುಂದೆ ನಡೆದೆವು. ಅತ್ತ ಯೂರೋಪಿನಲ್ಲಿ 1979ರಷ್ಟು ಹಿಂದೆಯೇ ಜೋಸೆ ಮೊರಾಯಿಸ್ ಮತ್ತು ಸಂಗಡಿಗರು ಪೋರ್ಚುಗಲ್ಲಿನ ನಿರಕ್ಷರಿಗಳಿಗೆ ಪದದಿಂದ ಒಂದು ಧ್ವನಿಯನ್ನು ತೆಗೆದು ಹೇಳುವುದು ಕಷ್ಟವೆಂದು ತೋರಿಸಿದ್ದರು. ಕನ್ನಡದಲ್ಲಿ ಈ ಕಷ್ಟ ಓದುಬಲ್ಲವರಿಗೂ ಒಂದು ಮಟ್ಟಿಗೆ ಇದೆ, ಏಕೆಂದರೆ ನಮ್ಮ ಲಿಪಿಯ ಘಟಕ ಬಿಡಿಧ್ವನಿಯಲ್ಲ, ಅಕ್ಷರ. ಕನ್ನಡ ಕಲಿಯುವ ಮಕ್ಕಳಲ್ಲಿ ಬಿಡಿಧ್ವನಿಯ ಅರಿವು ನಿಧಾನವಾಗಿ ಮೂಡುತ್ತದೆಂದು ಸೊನಾಲಿ ನಾಗ್ 2007ರಲ್ಲಿ ವಿವರಿಸಿದ್ದಾರೆ. ಈಗ ಮೆದುಳಿನ ಮುಂಭಾಗದ ಸಾಮರ್ಥ್ಯವನ್ನು ಅಳೆಯುವ ಜನಪ್ರಿಯ ಪರೀಕ್ಷೆಯೊಂದನ್ನು ನೋಡೋಣ: ಒಂದು ನಿಮಿಷದಲ್ಲಿ ‘ಪ’ದಿಂದ ಆರಂಭವಾಗುವ ಎಷ್ಟು ಪದಗಳನ್ನು ಹೇಳಬಲ್ಲಿರಿ? ‘ಪುಸ್ತಕ’ ಎಣಿಕೆಗೆ ಬರುತ್ತದೆಯೇ? ‘ಪ್ಯಾಟಿ’? ಇಂಗ್ಲಿಷಿನಲ್ಲಿ ಹುಟ್ಟದ ಈ ಪ್ರಶ್ನೆ ಕನ್ನಡದಲ್ಲಿ ಓದುಬಲ್ಲವರನ್ನೇ ಗೊಂದಲಕ್ಕೆ ಕೆಡಹುತ್ತದೆ. ‘ಪ’ ಎಂದರೇನೆಂದೇ ತಿಳಿಯದ ಹಿರಿಯರ ಪಾಡು ಹೇಳಬೇಕಾಗಿಲ್ಲ. ಅಕ್ಷರ ಕಲಿತರೆ ಮೆದುಳೇ ಬದಲಾಗುತ್ತದೆ ಎಂಬುದಕ್ಕೆ ಪುರಾವೆ ದೂರದ್ದಲ್ಲ: ಲಖನೌ ಬಳಿಯ ಹಳ್ಳಿಗಳಲ್ಲಿ ನಿರಕ್ಷರಿಗಳಿಗೆ ಆರು ತಿಂಗಳು ಹಿಂದಿ ಓದು ಕಲಿಸಿ ನಡೆಸಿದ, 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮೆದುಳಿನ ಆಳದ ಥಾಲಮಸ್ ಮತ್ತು ಕಾಂಡಭಾಗಗಳವರೆಗೆ ಬದಲಾವಣೆ ಕಾಣಿಸಿತು. ಹಾಗಿದ್ದ ಮೇಲೆ ‘ಸಾಮಾನ್ಯ ಮೆದುಳು’ ಎನ್ನುವಾಗ ನಾವು ಹೇಳುತ್ತಿರುವುದು ಬಹುಮಟ್ಟಿಗೆ ಶಾಲೆಗೆ ಹೋದ ಮೆದುಳನ್ನು.

ಚಿತ್ರ ತೋರಿಸಿ ಹೆಸರು ಹೇಳಿಸುವ ಪರೀಕ್ಷೆಯ ಬಗ್ಗೆ ಹೆಚ್ಚು ಬರೆಯುವ ಅಗತ್ಯವಿಲ್ಲ. ಪೊರಕೆಯನ್ನು ‘ಕಸಬರಗಿ’, ಬಾಚಣಿಗೆಯನ್ನು ‘ಹಣಗಿ’, ಈರುಳ್ಳಿಯನ್ನು ‘ಉಳ್ಳಾಗಡ್ಡಿ’, ಕಡಲೆಕಾಯಿಯನ್ನು ‘ಶೇಂಗಾ’ ಎಂದರೆ ತಪ್ಪೆನ್ನುವಷ್ಟು ಅರಿಯದ ಪರೀಕ್ಷಕರು ಇಂದು ಇರಲಾರರು. ಕಣ್ಣಿಗೆ ಕಾಣುವ ಪದಭೇದವನ್ನು ಎಲ್ಲರೂ ಒಪ್ಪುತ್ತಾರೆ. ಕಾಣದ ವ್ಯಾಕರಣಭೇದದಲ್ಲಿ ಸೋಲುತ್ತಾರೆ.

ಅಂಕಿಗಳ ನೆನಪಿನ ವಿಷಯ ಹಾಗಲ್ಲ. ಹೇಳಿದ ಅಂಕಿಗಳನ್ನು ಅದೇ ಕ್ರಮದಲ್ಲೋ ಹಿಂದುಮುಂದಾಗಿಯೋ ಮರುನುಡಿಸುವ ಪರೀಕ್ಷೆ ಭಾಷಾತೀತವೆಂದು ತೋರುತ್ತದೆ. 1975ರಲ್ಲಿ ಆಲನ್ ಬ್ಯಾಡ್ಲಿ ಮತ್ತು ಸಂಗಡಿಗರು ತೋರಿಸಿದಂತೆ ಈ ನೆನಪಿನ ಅಳತೆ ಪದಗಳ ಸಂಖ್ಯೆಗಿಂತ ಅವನ್ನು ಉಚ್ಚರಿಸಲು ಬೇಕಾದ ಕಾಲಕ್ಕೆ ಹತ್ತಿರ. ಸುಮಾರು ಎರಡು ಸೆಕೆಂಡಿನಲ್ಲಿ ಹೇಳಬಹುದಾದಷ್ಟು ಮಾತು ಮನಸ್ಸಿನಲ್ಲಿ ನಿಲ್ಲುತ್ತದೆ. 1980ರಲ್ಲಿ ಎಲ್ಲಿಸ್ ಮತ್ತು ಹೆನೆಲಿ ಇದನ್ನು ವೆಲ್ಷ್ ಮಕ್ಕಳಿಗೆ ಅನ್ವಯಿಸಿದರು: ವೆಲ್ಷ್ ಅಂಕಿಗಳ ಉಚ್ಚಾರ ದೀರ್ಘವಾದ್ದರಿಂದಲೇ ಅವರ ಅಂಕ ಕಡಿಮೆಯಾಗಿ ಕಂಡಿತ್ತು, ಬುದ್ಧಿ ಕಡಿಮೆಯಾಗಿದ್ದರಿಂದಲ್ಲ. ಶಿಷ್ಟ ಕನ್ನಡದ ‘ಒಂದು, ಎರಡು, ಮೂರು, ನಾಲ್ಕು’ ಎಲ್ಲವೂ ಎರಡು ಅಥವಾ ಮೂರು ಉಚ್ಚಾರಾಂಶಗಳವು. ತಂಬೂರಿನಲ್ಲಿ ಎಣಿಸುವಾಗ ‘ಒಂದ್, ಎರಡ್, ಮೂರ್, ನಾಕ್’ ಎಂದು ಕೊನೆಯ ಸ್ವರ ಹಾರಿಹೋಗುತ್ತದೆ. ಬ್ಯಾಡ್ಲಿಯವರ ಲೆಕ್ಕ ಸರಿಯಾದರೆ ಒಬ್ಬನೇ ವ್ಯಕ್ತಿಯ ನೆನಪಿನ ಅಳತೆಯು ಆಡುನುಡಿಯಲ್ಲಿ ಹೆಚ್ಚು, ಪುಸ್ತಕದ ಕನ್ನಡದಲ್ಲಿ ಕಡಿಮೆ ಬರಬೇಕು. ಇದು ಯಾವ ಯಂತ್ರವೂ ಬೇಡದ, ಒಂದು ಬೆಳಗಿನಲ್ಲಿ ಪರೀಕ್ಷಿಸಬಹುದಾದ ಊಹೆ. ಪರೀಕ್ಷಕರು ಅಂಕಿಗಳನ್ನು ಒಂದೊಂದಾಗಿ, ಬಿಡಿಸಿ, ‘ಸ್ಪಷ್ಟವಾಗಿ’ ಹೇಳಬೇಕೆಂಬ ನಿಯಮವೇ ಅವರನ್ನು ಪುಸ್ತಕದ ಉಚ್ಚಾರದತ್ತ ತಳ್ಳುತ್ತದೆ ಎಂಬುದನ್ನೂ ಗಮನಿಸಬೇಕು.

ಆಲೋಚನೆಯ ಒಳಭಾಗಕ್ಕೇ ಸಂಬಂಧಿಸಿದ ಇನ್ನೊಂದು ಉದಾಹರಣೆ ಅಲೆಕ್ಸಾಂಡರ್ ಲೂರಿಯಾನದು. ಮೆದುಳಿನ ಗಾಯಗಳಿಂದ ಮನೋವ್ಯಾಪಾರವನ್ನು ಓದುವ ಶಾಸ್ತ್ರಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬನಾದ ಅವನು ಅದಕ್ಕೂ ಮೊದಲು, 1931-32ರಲ್ಲಿ, ಉಜ್ಬೇಕಿಸ್ತಾನದ ಹಳ್ಳಿಗಳಿಗೆ ಹೋಗಿ ನಿರಕ್ಷರಿ ರೈತರ ಮುಂದೆ ತರ್ಕವಾಕ್ಯಗಳನ್ನಿಟ್ಟ. ಹಿಮದ ನಾಡಿನ ಕರಡಿಗಳೆಲ್ಲ ಬಿಳಿ. ಇಂಥ ಊರು ಹಿಮದ ನಾಡಿನಲ್ಲಿದೆ. ಅಲ್ಲಿಯ ಕರಡಿಯ ಬಣ್ಣ ಯಾವುದು? ತಾವು ಕಾಣದ ಕರಡಿಯ ಬಗ್ಗೆ ತಾವು ಹೇಳಲಾರೆವೆಂದು ಹಲವರು ನಿರಾಕರಿಸಿದರು. ಅಮೂರ್ತ ಚಿಂತನೆ ಶಾಲೆಯಿಂದ ಬರುತ್ತದೆ ಎಂಬ ತೀರ್ಮಾನಕ್ಕೆ ಲೂರಿಯಾ ಬಂದ. ನಮಗನಿಸುವಂತೆ ಈ ನಿರಾಕರಣೆಯಲ್ಲಿ ವ್ಯಾಕರಣವೂ ಸೇರಿರಬಹುದು. ಕನ್ನಡದಲ್ಲಿ ತಾನು ಕಾಣದ್ದನ್ನು ಹೇಳುವಾಗ ‘ಅಂತೆ’ ಸೇರಿಸುವುದು ಸೌಜನ್ಯವಷ್ಟೇ ಅಲ್ಲ, ಸತ್ಯಕ್ಕೆ ಸಲ್ಲಿಸುವ ಬಾಧ್ಯತೆ. ‘ಕರಡಿಗಳೆಲ್ಲ ಬಿಳಿ’ ಎಂದು ‘ಅಂತೆ’ ಇಲ್ಲದೆ ನುಡಿದ ಪರೀಕ್ಷಕ ಅದಕ್ಕೆ ತಾನೇ ಸಾಕ್ಷಿ ನಿಂತಂತಾಗುತ್ತದೆ. ಕೇಳುಗನೂ ಸಾಕ್ಷಿ ನಿಲ್ಲಬೇಕೆಂದು ಕೇಳಿದಂತಾಗುತ್ತದೆ.

(6) ಹಿಮಾ ಬೀಳೋ ದೇಶದಾಗ ಕರಡಿ ಎಲ್ಲಾ ಬೆಳ್ಳಗ ಇರ್ತಾವಂತ.

ಹೀಗೆ ಶುರುಮಾಡಿದರೆ ಅದು ತಂಬೂರಿನಲ್ಲಿ ಕತೆಯ ಆರಂಭದಂತೆ ಕೇಳಿಸುತ್ತದೆ. ಕತೆಯೊಳಗಿನ ಕರಡಿಯ ಬಣ್ಣ ಹೇಳಲು ಯಾರಿಗೂ ಸಂಕೋಚವಿರಲಾರದು. ‘ಅಂತೆ’ ಇರುವ ಮತ್ತು ಇಲ್ಲದ ತರ್ಕವಾಕ್ಯಗಳನ್ನು ಶಾಲೆ ಕಾಣದ ಕನ್ನಡಿಗರ ಮುಂದಿಟ್ಟು ಹೋಲಿಸಿದರೆ ಲೂರಿಯಾ ಕಂಡದ್ದರಲ್ಲಿ ಚಿಂತನೆಯ ಪಾಲೆಷ್ಟು, ಕ್ರಿಯಾರೂಪದ ಪಾಲೆಷ್ಟು ಎಂದು ಬೇರ್ಪಡಿಸಬಹುದು. ಇಂಥ ಪ್ರಯೋಗಕ್ಕೆ ಇಂಗ್ಲಿಷಿಗಿಂತ ಕನ್ನಡವೇ ತಕ್ಕ ಭಾಷೆ.

ದ್ವಿಭಾಷಿಕತೆಯ ಸಂಶೋಧನೆಯಲ್ಲಿ ಭಾರತ ಕೊಟ್ಟ ಕೊಡುಗೆ ಸಣ್ಣದಲ್ಲ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಹೈದರಾಬಾದಿನಲ್ಲಿ 648 ಮರೆಗುಳಿ ರೋಗಿಗಳನ್ನು ಅಧ್ಯಯನ ಮಾಡಿ 2013ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ, ಎರಡು ಅಥವಾ ಹೆಚ್ಚು ಭಾಷೆ ಬಲ್ಲವರಲ್ಲಿ ಕಾಯಿಲೆ ಸುಮಾರು 4.5 ವರ್ಷ ತಡವಾಗಿ ಕಾಣಿಸಿಕೊಂಡಿತು. ಶಾಲೆಗೆ ಹೋಗದವರಲ್ಲಿಯೂ ಈ ವ್ಯತ್ಯಾಸ ಇತ್ತು. 2016ರಲ್ಲಿ 608 ಪಾರ್ಶ್ವವಾಯು ರೋಗಿಗಳನ್ನು ಕುರಿತ ಅವರ ಇನ್ನೊಂದು ಲೇಖನದಲ್ಲಿ, ಪಾರ್ಶ್ವವಾಯುವಿನ ನಂತರವೂ ಅರಿವಿನ ಸಾಮರ್ಥ್ಯ ಕುಂದದೆ ಉಳಿದವರು ದ್ವಿಭಾಷಿಕರಲ್ಲಿ 40.5 ಪ್ರತಿಶತ, ಏಕಭಾಷಿಕರಲ್ಲಿ 19.6 ಪ್ರತಿಶತ. ಶಾಲೆಯ ಪರಿಣಾಮವನ್ನು ಭಾಷೆಯ ಪರಿಣಾಮದಿಂದ ಬೇರ್ಪಡಿಸಲು ಪಶ್ಚಿಮದಲ್ಲಿ ಆಗದಿದ್ದ ಕೆಲಸ ಇಲ್ಲಿ ಸಾಧ್ಯವಾಯಿತು. ಆದರೆ ‘ಏಕಭಾಷಿಕ’ ಎಂಬ ಗುಂಪಿನಲ್ಲಿ ತಂಬೂರಿನಿಂದ ಯಾರನ್ನು ಸೇರಿಸುತ್ತೇವೆ? ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಬಗ್ಗೆ ವಿಲಿಯಂ ಮೆಕಾರ್ಮಕ್ 1960ರಲ್ಲೇ ಬರೆದಿದ್ದರು. ‘ಐತಿ’ ಎನ್ನುವ ಮನೆಗಳೂ ‘ಅದ’ ಎನ್ನುವ ಮನೆಗಳೂ, ‘ಬರಾಕತ್ತಾನ’ ಎನ್ನುವವರೂ ‘ಬರ್ಲಿಕ್ಹತ್ತಾನ’ ಎನ್ನುವವರೂ ಒಂದೇ ಪೇಟೆಯಲ್ಲಿ ವ್ಯವಹರಿಸುತ್ತಾರೆ. ಮನೆಯಲ್ಲಿ ಒಂದು, ಕಚೇರಿಯ ಮುಂದೆ ಇನ್ನೊಂದು, ಭಜನೆಯಲ್ಲಿ ಮತ್ತೊಂದು ಕನ್ನಡವನ್ನು ದಿನವೂ ಅದಲುಬದಲು ಮಾಡುವವರನ್ನು ಏಕಭಾಷಿಕರೆಂದು ಎಣಿಸುವುದು ನಮೂನೆ ತುಂಬುವವರ ಅನುಕೂಲಕ್ಕೆ. ಭಾಷೆ ಬದಲಿಸುವ ಅಭ್ಯಾಸವೇ ಮೆದುಳಿಗೆ ಕಸರತ್ತಾಗಿದ್ದರೆ ಉಪಭಾಷೆ ಬದಲಿಸುವ ಅಭ್ಯಾಸಕ್ಕೆ ಆ ಗುಣ ಏಕಿರಬಾರದು ಎಂದು ಕೇಳಲೇಬೇಕಾಗುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ವೈದ್ಯಮಿತ್ರರ ಪ್ರಶ್ನೆ ನಮಗೆ ಮೊದಲೇ ಕೇಳಿಸುತ್ತದೆ: ತಾಲ್ಲೂಕಿಗೊಂದು ಪರೀಕ್ಷೆ ಬರೆಯಲು ಸಾಧ್ಯವೇ? ಪ್ರಮಾಣೀಕರಣವಿಲ್ಲದೆ ಹೋಲಿಕೆ ಎಲ್ಲಿ? ಈ ಆಕ್ಷೇಪದಲ್ಲಿ ಹುರುಳಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಹಿಂದಿ, ಬಂಗಾಳಿ, ತೆಲುಗು, ಕನ್ನಡ, ಮಲಯಾಳಂ ಎಂಬ ಐದು ಭಾಷೆಗಳಲ್ಲಿ ಸಮಾನ ಪರೀಕ್ಷಾಗುಚ್ಛವನ್ನು ರೂಪಿಸಿರುವುದು, ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದ ಹತ್ತು ಸಾವಿರ ಮಂದಿಯನ್ನು ವರ್ಷಗಟ್ಟಲೆ ಅನುಸರಿಸುವ ಗುರಿಯಿಟ್ಟುಕೊಂಡಿರುವುದು, ಕೊನೆಗೂ ಹಳ್ಳಿಯ ಮೆದುಳು ಲೆಕ್ಕಕ್ಕೆ ಬಂದ ಸೂಚನೆಗಳು. 2022ರಲ್ಲಿ ಆರಂಭವಾದ ಕರ್ನಾಟಕ ಮೆದುಳು ಆರೋಗ್ಯ ಕಾರ್ಯಕ್ರಮವು ಈ ಪರೀಕ್ಷೆಗಳನ್ನು ರಾಜಧಾನಿಯಿಂದ ಜಿಲ್ಲೆಗಳತ್ತ ತರುತ್ತಿದೆ. ‘ಅರವತ್ತಕ್ಕೆ ಅರಳು ಮರಳು’ ಎಂದು ಸುಮ್ಮನಾಗುತ್ತಿದ್ದ ಮನೆಗಳಿಗೆ ಕಾಯಿಲೆಯನ್ನು ಕಾಯಿಲೆಯೆಂದು ಹೇಳುವವರು ಸಿಗುವುದು ದೊಡ್ಡ ಉಪಕಾರ. ಆದರೆ ಶ್ರೀನಿವಾಸಪುರದ ಕನ್ನಡ ತೆಲುಗಿನ ನೆರೆಯಲ್ಲಿ ಬೆಳೆದ ಕನ್ನಡ. ಅಲ್ಲಿ ಸಿದ್ಧವಾದ ಸರಾಸರಿಗಳು ಕಲಘಟಗಿಗೆ ಹಾಗೆಯೇ ಒಪ್ಪುತ್ತವೆಂದು ನಂಬಲು ಭಾಷಾವೈಜ್ಞಾನಿಕ ಕಾರಣಗಳಿಲ್ಲ. ಡಿ. ಎನ್. ಶಂಕರ ಭಟ್ಟರು ‘ಕನ್ನಡಕ್ಕೆ ಬೇಕು ಕನ್ನಡದ್ದೇ ವ್ಯಾಕರಣ’ ಎಂದಾಗ ಅವರ ಕಣ್ಣು ಸಂಸ್ಕೃತದ ಚೌಕಟ್ಟಿನ ಮೇಲಿತ್ತು. ಶಿಷ್ಟ ಕನ್ನಡವೂ ತನ್ನ ಉಪಭಾಷೆಗಳ ಪಾಲಿಗೆ ಅಂಥದೇ ಚೌಕಟ್ಟಾಗಬಲ್ಲದು.

ಬೇಕಾಗಿರುವುದು ತಾಲ್ಲೂಕಿಗೊಂದು ಪರೀಕ್ಷೆಯಲ್ಲ. ಪ್ರಶ್ನೆಯನ್ನು ಪರೀಕ್ಷಕರು ಊರಿನ ನುಡಿಯಲ್ಲಿ ಕೇಳಲು ಅನುಮತಿ ಇರಲಿ. ಒಪ್ಪಬಹುದಾದ ರೂಪಗಳ ಪಟ್ಟಿ, ಅಂದರೆ ‘ಬಂದಾನ’, ‘ಮುದುಕಗ’, ‘ಮನ್ಯಾಗ’ ಮುಂತಾದವುಗಳ ಪಟ್ಟಿ, ಕೈಪಿಡಿಯಲ್ಲಿ ಅಚ್ಚಾಗಲಿ. ವ್ಯಾಕರಣದ ಪ್ರಶ್ನೆಗಳನ್ನು ಬೆಳಗಾವಿ, ಧಾರವಾಡ, ಕಲಬುರಗಿ, ಮಂಗಳೂರು, ಮೈಸೂರು ಕಡೆಗಳ ನುಡಿಗಳಲ್ಲಿ ಮೊದಲು ಆರೋಗ್ಯವಂತರ ಮೇಲೆ ಪ್ರಯೋಗಿಸಿ, ಎಲ್ಲ ಕಡೆ ಒಂದೇ ಅರ್ಥ ಕೊಡುವ ವಾಕ್ಯಗಳನ್ನಷ್ಟೇ ಉಳಿಸಿಕೊಳ್ಳುವುದು ಭಾಷಾವಿಜ್ಞಾನ ವಿಭಾಗಗಳು ಮಾಡಬಹುದಾದ ಕೆಲಸ; ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಉಪಭಾಷಾ ಸಮೀಕ್ಷೆಯ ಪರಂಪರೆ ಇರುವುದರಿಂದ ಇದು ಹೊಸದಾಗಿ ಕಲಿಯಬೇಕಾದ ವಿದ್ಯೆಯೂ ಅಲ್ಲ. ಎಲ್ಲಕ್ಕಿಂತ ಮೊದಲು, ಉತ್ತರದ ಹಾಳೆಯಲ್ಲಿ ಸರಿ-ತಪ್ಪು ಗುರುತಿನ ಪಕ್ಕ ರೋಗಿ ಆಡಿದ ಮಾತನ್ನು ಆಡಿದಂತೆಯೇ ಬರೆದುಕೊಳ್ಳಲು ಒಂದು ಸಾಲು ಬಿಡಬೇಕು. ಒಬ್ಬರೇ ವ್ಯಕ್ತಿಯನ್ನು ಈ ವರ್ಷ ಗದಗಿನ ದಾದಿಯೊಬ್ಬರು, ಮುಂದಿನ ವರ್ಷ ಮೈಸೂರಿನ ಮನೋವಿಜ್ಞಾನಿಯೊಬ್ಬರು ಪರೀಕ್ಷಿಸಿ ಎರಡು ಅಂಕ ಇಳಿದಿದ್ದರೆ, ಇಳಿದದ್ದು ರೋಗಿಯ ನೆನಪೋ ಪರೀಕ್ಷೆಯ ಕನ್ನಡ ಬದಲಾಯಿತೋ ಎಂದು ತಿಳಿಯಲು ಆ ಒಂದು ಸಾಲಿನ ಹೊರತು ಬೇರೆ ದಾಖಲೆ ಇರುವುದಿಲ್ಲ.